ಮತ್ತೆ ಮತ್ತೆ ಸೋತಾಗ ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ?

ಮೂರನೇ ಸಲವೂ ಪರೀಕ್ಷೆ ಕೈಕೊಟ್ಟಿದೆ, ಪುಸ್ತಕ ಮುಟ್ಟುವುದಕ್ಕೂ ಮನಸ್ಸಿಲ್ಲ ಅಂತ ಬರೆದಿದ್ದೀರಿ. ಮೊದಲು ಒಂದೆರಡು ದಿನ ಸುಮ್ನೆ ಇದ್ದುಬಿಡಿ. ಅಷ್ಟು ಓದಿದ ಮೇಲೆ ಬೇಜಾರು ಆಗದೇ ಇರುತ್ತದೆಯೇ?

ಆದರೆ ಹುಮ್ಮಸ್ಸು ಬರಲಿ ಅಂತ ಕಾಯಬೇಡಿ. ಅದು ಕೆಲಸ ಶುರು ಮಾಡಿದ ಮೇಲೆ ಬರುತ್ತದೆ. ನಾನೂ ಎರಡು ಸಲ ಫೇಲಾದವನು. ಆಗ ದಿನಕ್ಕೆ ಒಂದೇ ಒಂದು ಲೆಕ್ಕ ಅಂತ ಇಟ್ಟುಕೊಂಡೆ; ಎಷ್ಟೋ ರಾತ್ರಿ ಪೆನ್ನಿನ ಮುಚ್ಚಳ ತೆಗೆಯುವುದೇ ದೊಡ್ಡ ಕೆಲಸ ಅನಿಸುತ್ತಿತ್ತು, ತೆಗೆದ ಮೇಲೆ ಮಾತ್ರ ಒಂದು ಹೋಗಿ ನಾಲ್ಕು ಲೆಕ್ಕ ಆಗಿರುತ್ತಿತ್ತು.

ಇನ್ನೊಂದು, ಅದೇ ರೀತಿ ಓದಿ ಮತ್ತೆ ಬರೆಯುವುದು ಛಲ ಅಲ್ಲ. ಬ್ರಿಟನ್ನಿನ ಸಂಶೋಧಕ ಜೇಮ್ಸ್ ಡೈಸನ್ ಧೂಳಿನ ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್‌ಗಾಗಿ ಸುಮಾರು 5 ವರ್ಷದಲ್ಲಿ 5,127 ಮಾದರಿ ಮಾಡಿದರು, ಅದೂ ಒಂದು ಸಲಕ್ಕೆ ಒಂದೇ ಬದಲಾವಣೆ, ಯಾಕಂದ್ರೆ ಎರಡು ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ, ಅಲ್ವಾ? ನೀವೂ ಹಳೇ ಉತ್ತರಗಳನ್ನು ಮುಂದಿಟ್ಟುಕೊಂಡು ನೋಡಿ, ಅಂಕ ಹೋಗಿದ್ದು ಉತ್ತರ ಗೊತ್ತಿಲ್ಲದೆಯೋ, ಸಮಯ ಸಾಲದೆಯೋ ಅಂತ. ನನಗೆ ಸಮಯ ಸಾಲುತ್ತಿರಲಿಲ್ಲ. ಗಡಿಯಾರ ಎದುರಿಗಿಟ್ಟು ಬರೆದು ಅಭ್ಯಾಸ ಮಾಡಿದೆ, ಬೇರೇನೂ ಬದಲಾಯಿಸಲಿಲ್ಲ. ಮೂರನೇ ಸಲ ಪಾಸಾದೆ.