ಟಿ ಎಂದರೆ ರೆಫರೆನ್ಸ್ ಕೂಡ ಆಗುವುದಿಲ್ಲವೇ?

ಪ್ರಶ್ನೆ: ರಸ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಆಕೃತಿ’ ಎಂಬ ಟ್ರೇಟ್ (ಟೈಪ್ ಒಂದು ಒದಗಿಸಬೇಕಾದ ಮೆಥಡ್‌ಗಳ ಪಟ್ಟಿ) ಬರೆದು, ಅದನ್ನು ‘ವೃತ್ತ’ ಎಂಬ ಸ್ಟ್ರಕ್ಟ್‌ಗೆ ಇಂಪ್ಲಿಮೆಂಟ್ ಮಾಡಿದ್ದೇನೆ. ಆಕೃತಿ ಬೌಂಡ್ (ಆ ಟ್ರೇಟ್ ಇಂಪ್ಲಿಮೆಂಟ್ ಆಗಿರಬೇಕೆಂಬ ಷರತ್ತು) ಇರುವ ಟಿ ಟೈಪನ್ನು ಪಡೆಯುವ ಜೆನೆರಿಕ್ (ಹಲವು ಟೈಪ್‌ಗಳಿಗೆ ಹೊಂದುವ) ಫಂಕ್ಷನ್‌ಗೆ ವೃತ್ತವನ್ನೇ ಕೊಟ್ಟರೆ, ಮುಂದಿನ ಸಾಲಿನಲ್ಲಿ ಅದನ್ನು ಬಳಸಲು ಆಗುವುದಿಲ್ಲ. &ವೃತ್ತ, ಎಂದರೆ ವೃತ್ತವನ್ನು ಎರವಲಾಗಿ ತೋರಿಸುವ ರೆಫರೆನ್ಸ್, ಕೊಟ್ಟರೆ ಟ್ರೇಟ್ ಬೌಂಡ್ ಪೂರೈಕೆಯಾಗಿಲ್ಲ ಎಂಬ ಎರರ್ ಬರುತ್ತದೆ. ಅದೇ ರೆಫರೆನ್ಸ್ ಮೇಲೆ ಮೆಥಡ್ ಕರೆದರೆ ಮಾತ್ರ ಸರಿಯಾಗಿ ನಡೆಯುತ್ತದೆ. ಏಕೆ ಹೀಗೆ?

ಉತ್ತರ: ಗೊಂದಲದ ಮೂಲ ಆ ಮೆಥಡ್ ಕರೆಯಲ್ಲಿಯೇ ಇದೆ. ಚುಕ್ಕಿ ಹಾಕಿ ಮೆಥಡ್ ಕರೆದಾಗ ಕಂಪೈಲರ್ ತಾನಾಗಿಯೇ ರೆಫರೆನ್ಸ್ ಸೇರಿಸಿಯೋ ಬಿಡಿಸಿಯೋ ಹೊಂದುವ ಮೆಥಡನ್ನು ಹುಡುಕಿಕೊಡುತ್ತದೆ. ಜೆನೆರಿಕ್ ಪ್ಯಾರಾಮೀಟರ್‌ಗೆ ಈ ಸೌಲಭ್ಯವಿಲ್ಲ. ನೀವು &ವೃತ್ತ ಕೊಟ್ಟಾಗ ಟಿ ಎಂದರೆ &ವೃತ್ತ ಎಂದೇ ನಿರ್ಧಾರವಾಗುತ್ತದೆ, ಮತ್ತು ಅದು ವೃತ್ತಕ್ಕಿಂತ ಬೇರೆಯೇ ಆದ ಟೈಪ್ ಆಗಿರುವುದರಿಂದ, ವೃತ್ತಕ್ಕೆ ಬರೆದ ಇಂಪ್ಲಿಮೆಂಟೇಶನ್ ಅದಕ್ಕೆ ಸಲ್ಲುವುದಿಲ್ಲ. ನಿಮಗೆ ಕಂಡ ಇ0277 ಎರರ್ ಹೇಳುವುದು ಇಷ್ಟನ್ನೇ.

ಫಂಕ್ಷನ್ ಮೌಲ್ಯವನ್ನು ಓದುವುದಷ್ಟೇ ಆಗಿದ್ದರೆ ಪ್ಯಾರಾಮೀಟರನ್ನು &ಟಿ ಎಂದು ಬರೆಯಿರಿ. ‘ನಾನು ಇದನ್ನು ಇಟ್ಟುಕೊಳ್ಳುವುದಿಲ್ಲ’ ಎಂಬ ಭರವಸೆ ಸಿಗ್ನೇಚರ್‌ನಲ್ಲಿಯೇ ಕಾಣುವುದು ಓದುವವರಿಗೆ ದೊಡ್ಡ ಉಪಕಾರ ಎಂದು ನಾನು ದೃಢವಾಗಿ ನಂಬುತ್ತೇನೆ. ಮುಂದೆ &ಡಿನ್ ಆಕೃತಿಯನ್ನೂ (ನಿಜವಾದ ಟೈಪ್ ಪ್ರೋಗ್ರಾಮ್ ನಡೆಯುವಾಗಷ್ಟೇ ತಿಳಿಯುವ ಆಕೃತಿಯ ರೆಫರೆನ್ಸ್) ಕೊಡಬೇಕೆಂದಿದ್ದರೆ ಬೌಂಡ್‌ಗೆ ?ಸೈಸ್ಡ್ ಸೇರಿಸಲೇಬೇಕು, ಏಕೆಂದರೆ ಪ್ರತಿಯೊಂದು ಟಿಗೂ ಸೈಸ್ಡ್ (ಗಾತ್ರ ಕಂಪೈಲ್ ಮಾಡುವಾಗಲೇ ಗೊತ್ತಿರಬೇಕು) ಎಂಬ ಬೌಂಡ್ ಬರೆಯದೆಯೇ ಅಂಟಿಕೊಂಡಿರುತ್ತದೆ.

ಟ್ರೇಟ್‌ನ ಎಲ್ಲ ಮೆಥಡ್‌ಗಳೂ &ಸೆಲ್ಫ್ (ಮೌಲ್ಯದ ರೆಫರೆನ್ಸನ್ನಷ್ಟೇ) ಪಡೆಯುವಂಥವಾಗಿದ್ದರೆ, ಆಕೃತಿ ಆಗಿರುವ ಯಾವುದೇ ಟಿಗೆ ಸಂಬಂಧಿಸಿ &ಟಿ ಕೂಡ ಆಕೃತಿಯೇ ಎಂದು ಒಮ್ಮೆ ಇಂಪ್ಲಿಮೆಂಟ್ ಮಾಡಿಬಿಡುವುದು ಇನ್ನೊಂದು ದಾರಿ. ಸ್ಟ್ಯಾಂಡರ್ಡ್ ಲೈಬ್ರರಿ, ಡೇಟಾ ಓದಲು ಇರುವ ರೀಡ್ ಟ್ರೇಟ್‌ಗೆ ಇದನ್ನೇ &ಮ್ಯೂಟ್ (ಮೌಲ್ಯವನ್ನು ಬದಲಿಸಲು ಬಿಡುವ) ರೆಫರೆನ್ಸ್‌ಗಳ ಮಟ್ಟದಲ್ಲಿ ಮಾಡಿದೆ. ಆದ್ದರಿಂದಲೇ ರೀಡರನ್ನು ಮೌಲ್ಯವಾಗಿ ಪಡೆಯುವ ಫಂಕ್ಷನ್‌ಗೆ ಕರೆಯುವವರು ಇಷ್ಟವಿದ್ದರೆ ಪೂರ್ತಿ ಕೊಡಬಹುದು, ಇಲ್ಲವೇ &ಮ್ಯೂಟ್ ಮೂಲಕ ಎರವಲು ಕೊಡಬಹುದು.

ಇಲ್ಲೊಂದು ಎಚ್ಚರಿಕೆ ಅಗತ್ಯ. &ಮ್ಯೂಟ್ ರೆಫರೆನ್ಸನ್ನು ‘ಆರ್’ ಎಂಬ ವೇರಿಯಬಲ್‌ನಲ್ಲಿಟ್ಟು ಅಂಥ ಫಂಕ್ಷನ್‌ಗೆ ಎರಡು ಬಾರಿ ಕೊಟ್ಟರೆ, ಎರಡನೆಯ ಕರೆಯಲ್ಲಿ ಇ0382 ಎರರ್ ಬರುತ್ತದೆ. ಪ್ಯಾರಾಮೀಟರ್ ಬರಿಯ ಟಿ ಆಗಿರುವಾಗ ತಾನಾಗಿ ಮರು-ಎರವಲು ನಡೆಯದೆ, ರೆಫರೆನ್ಸೇ ಮೂವ್ ಆಗಿಹೋಗಿರುತ್ತದೆ (ಫಂಕ್ಷನ್‌ನ ಒಡೆತನಕ್ಕೆ ಸೇರಿಬಿಟ್ಟಿರುತ್ತದೆ). ಮೊದಲ ಕರೆಯಲ್ಲಿ &ಮ್ಯೂಟ್ *ಆರ್ ಎಂದು ಬರೆದರೆ ಎರಡನೆಯದಕ್ಕೂ ಆರ್ ಉಳಿದಿರುತ್ತದೆ.