ಅಪ್ಪನ ಹೆಬ್ಬೆರಳಿನ ಗಾಯ

ಮುಧೋಳ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ, ಹೆಸರು ಹಾಕಬೇಡಿ ಅಂದಿದ್ದಾರೆ: "ನಮ್ಮ ಅಪ್ಪನಿಗೆ 58 ವರ್ಷ. ಸಕ್ಕರೆ ಕಾಯಿಲೆ ಬಂದು 9 ವರ್ಷ ಆಯಿತು. ಯುಗಾದಿಗೆ ಊರವರ ಜೊತೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿದ್ದರು. ಬಂದಾಗಿನಿಂದ ಬಲಗಾಲಿನ ಹೆಬ್ಬೆರಳ ಕೆಳಗೆ ಎಂಟಾಣೆ ಅಗಲದ ಗಾಯ ಇದೆ, ಮೂರು ವಾರವಾದರೂ ಮಾಯುತ್ತಿಲ್ಲ. ಅವ್ವ ಅರಿಶಿನ ಹಚ್ಚಿ ಗಾಳಿಗೆ ಬಿಡು ಅನ್ನುತ್ತಾಳೆ. ಪಕ್ಕದ ಮನೆ ಅಜ್ಜ ಕೇರುಬೀಜ ಹಾಕೋಣ ಅನ್ನುತ್ತಾನೆ. ಅಪ್ಪ ಮಾತ್ರ 'ನೋವ ಇಲ್ಲ, ಸುಮ್ನ ಯಾಕ ದವಾಖಾನಿ' ಅಂತಾರೆ. ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು, ಮನೆಯಲ್ಲೇ ಏನು ಮಾಡಬಹುದು, ಬಿಡಿಸಿ ಬರೆಯಿರಿ."

ತಂಗಿ, ನಿಮ್ಮ ಪತ್ರ ಓದಿದ ಅರ್ಧ ಗಂಟೆಯಲ್ಲೇ ಫೋನ್ ಮಾಡಿ "ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗಿ" ಅಂದೆ, ನೆನಪಿದೆ ಅಲ್ವಾ? ಸಂಚಿಕೆ ಅಚ್ಚಾಗಿ ನಿಮ್ಮ ಊರಿಗೆ ಬರುವವರೆಗೆ ಕಾಯುವ ಗಾಯ ಅದಲ್ಲ. ಆದರೂ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಇಂಥದೇ ಒಂದು ಕಾಲು ನಮ್ಮ ಕಡೆ ಓಣಿಗೆ ಒಂದಾದರೂ ಸಿಗುತ್ತದೆ. ನಾನು ಡಾಕ್ಟರ್ ಅಲ್ಲ. ಪರಿಚಯದ ಸರ್ಜನ್ ಒಬ್ಬರಿಗೆ ನಿಮ್ಮ ಪತ್ರ ಓದಿ ಹೇಳಿ, ಅವರನ್ನು ಒಂದು ತಾಸು ಕಾಡಿ, ಆಮೇಲೆ ಬರೆಯುತ್ತಿರುವುದು ಇದು.

ಫೋನಿನಲ್ಲಿ ನಾನು ಕೇಳಿದ ಒಂದು ವಿಚಿತ್ರ ಪ್ರಶ್ನೆಗೆ ನೀವು ನಕ್ಕಿರಿ. ಅಪ್ಪನ ಚಪ್ಪಲಿಯೊಳಗೆ ಕೈ ಹಾಕಿ ನೋಡಿ ಅಂದಿದ್ದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಸರ್, ಒಂದು ಮೊಳೆ ಐತಿ" ಅಂದಿರಿ. ಅಟ್ಟೆ ಹೊಲಿಸಿದಾಗ ಬಡಿದ ಮೊಳೆ, ತುದಿ ಮೇಲೆ ಬಂದಿತ್ತು, ಸರಿಯಾಗಿ ಹೆಬ್ಬೆರಳ ಬುಡಕ್ಕೆ. ಅದರ ಮೇಲೇ ಅವರು ಮೂರು ವಾರ ಹೊಲಕ್ಕೆ ಹೋಗಿ ಬಂದಿದ್ದಾರೆ, ಗೊತ್ತೇ ಆಗಿಲ್ಲ. ನಿಮಗೆ ನನಗೆ ಆಗಿದ್ದರೆ ಎರಡನೇ ಹೆಜ್ಜೆಗೇ ಕೂಗಿ ಕೂತುಬಿಡುತ್ತಿದ್ದೆವು.

ನೋವಿಲ್ಲ ಅಂತ ಅಪ್ಪ ಹೇಳಿದ್ದು ಸುಳ್ಳಲ್ಲ. ನನಗೆ ಹೆದರಿಕೆ ಆಗಿದ್ದೇ ಆ ಮಾತಿಗೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಪಾದದ ನರಗಳು ಸಾಯುತ್ತಾ ಬರುತ್ತವೆ. ಮೊದಲು ಜುಮ್ ಅನ್ನುತ್ತದೆ, ಉರಿಯುತ್ತದೆ, ಆಮೇಲೆ ಏನೂ ಇಲ್ಲ. ಏಪ್ರಿಲ್ ಬಿಸಿಲಿನ ಡಾಂಬರು ರಸ್ತೆ ಸುಟ್ಟರೂ ತಿಳಿಯುವುದಿಲ್ಲ. ಜೊತೆಗೆ ಕಾಲಿಗೆ ಹೋಗುವ ರಕ್ತನಾಳಗಳೂ ಕಿರಿದಾಗಿರುತ್ತವೆ, ಹಾಗಾಗಿ ಗಾಯಕ್ಕೆ ಬೇಕಾದಷ್ಟು ರಕ್ತ ತಲುಪುವುದಿಲ್ಲ, ಮಾಯುವುದು ತಡ. ನೋವು ಕಾವಲು ನಾಯಿ ಇದ್ದ ಹಾಗೆ. ನಾಯಿ ಸತ್ತ ಮನೆಯಲ್ಲಿ ಕಳ್ಳ ಬಂದರೂ ಸದ್ದಿಲ್ಲ.

ಆದ್ದರಿಂದ ಸಕ್ಕರೆ ಇರುವವರನ್ನು "ನೋವೈತೇನು?" ಅಂತ ಕೇಳಬೇಡಿ, ಕಾಲು ಹಿಡಿದು ನೋಡಿ. ದಿನಾ ರಾತ್ರಿ, ಬೆಳಕಿನಲ್ಲಿ, ಪಾದದ ಕೆಳಗೆ, ಬೆರಳುಗಳ ಸಂದಿಯಲ್ಲಿ. ಅವರೇ ನೋಡಿಕೊಳ್ಳುವುದಾದರೆ ನೆಲದ ಮೇಲೆ ಒಂದು ಕನ್ನಡಿ ಇಟ್ಟರೆ ಸಾಕು. ನಮ್ಮಲ್ಲಿ ಮಕ್ಕಳು ಅಪ್ಪನ ಪಾದ ಮುಟ್ಟುವುದು ಹಬ್ಬದ ದಿನ ಮಾತ್ರ, ಅದೂ ಮೇಲಿನಿಂದ.

ಎಂಟಾಣೆ ಅಗಲ ಅಂದಿರಿ. ಅದು ಕಾಣುವ ಅಗಲ. ಪಾದದ ಕೆಳಗೆ ಚರ್ಮ ದಪ್ಪ ಆಗಿ ಗಟ್ಟಿ ಕಟ್ಟಿರುತ್ತದಲ್ಲ, ಅದರ ಅಡಿಯಲ್ಲಿ ಗಾಯ ಇನ್ನೂ ದೊಡ್ಡದಿರಬಹುದು, ಕೀವು ಕೂಡಿರಬಹುದು, ಎಲುಬಿನವರೆಗೂ ಹೋಗಿರಬಹುದು. ಡಾಕ್ಟರ್ ಸಣ್ಣ ಕಡ್ಡಿಯಂಥ ಸಲಕರಣೆಯಿಂದ ಆಳ ನೋಡುತ್ತಾರೆ, ಎಕ್ಸ್‌ರೇ ತೆಗೆಸುತ್ತಾರೆ, ಕಾಲಿನ ರಕ್ತದ ಓಟ ಪರೀಕ್ಷೆ ಮಾಡುತ್ತಾರೆ, ಸತ್ತ ಚರ್ಮ ಕತ್ತರಿಸಿ ತೆಗೆಯುತ್ತಾರೆ. ಆ ಕತ್ತರಿಸುವ ಕೆಲಸವನ್ನು ಮನೆಯಲ್ಲಿ ಬ್ಲೇಡಿನಿಂದ ಮಾತ್ರ ಮಾಡಬೇಡಿ. ಸಕ್ಕರೆ ಹಿಡಿತಕ್ಕೆ ಬರುವವರೆಗೆ ಇನ್ಸುಲಿನ್ ಕೊಟ್ಟರೂ ಕೊಟ್ಟಾರು, ಅದಕ್ಕೆ ಗಾಬರಿಯಾಗಬೇಡಿ. ಎಲ್ಲಕ್ಕಿಂತ ಕಷ್ಟದ ಔಷಧಿ ಒಂದಿದೆ: ಆ ಕಾಲಿನ ಮೇಲೆ ಭಾರ ಹಾಕದೇ ಇರುವುದು. ಮುಲಾಮು ಎಷ್ಟು ದುಬಾರಿಯದಾದರೂ ದಿನಾ ಗಾಯದ ಮೇಲೆ ನಡೆದರೆ ಅದು ಮಾಯುವುದಿಲ್ಲ. ನಿಮ್ಮ ಅಪ್ಪನನ್ನು ನಾನು ನೋಡಿಲ್ಲ, ಆದರೆ ಕಬ್ಬಿಗೆ ನೀರು ಬಿಡುವ ದಿನ ಮನೆಯಲ್ಲಿ ಕೂರುವ ರೈತನನ್ನು ನಾನು ಇನ್ನೂ ನೋಡಬೇಕಾಗಿದೆ.

ಮರುದಿನಕ್ಕೂ ಕಾಯದೇ ಹೊರಡಬೇಕಾದದ್ದು ಯಾವಾಗ ಅಂದರೆ: ಗಾಯದ ಸುತ್ತ ಕೆಂಪು 2 ಸೆಂಟಿಮೀಟರ್ ದಾಟಿ ಹಬ್ಬಿದ್ದರೆ, ಪಾದ ಊದಿ ಬಿಸಿಯಾಗಿದ್ದರೆ, ಕೆಟ್ಟ ವಾಸನೆ ಬಂದರೆ, ಬೆರಳು ನೀಲಿ ಅಥವಾ ಕಪ್ಪು ತಿರುಗಿದರೆ, ಚಳಿಜ್ವರ ಬಂದರೆ, ಅಥವಾ ಊಟ ಮಾತ್ರೆ ಎಲ್ಲ ಮೊದಲಿನಂತೆಯೇ ಇದ್ದೂ ಸಕ್ಕರೆ ದಿಢೀರ್ ಏರಿದರೆ. ನಮ್ಮ ಕಪ್ಪು ಚರ್ಮದಲ್ಲಿ ಕೆಂಪು ಕೆಂಪಾಗಿ ಕಾಣುವುದಿಲ್ಲ, ಕಂದು ಇಲ್ಲವೇ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಹಾಗಾಗಿ ಅಂಗೈಯ ಹಿಂಭಾಗದಿಂದ ಮುಟ್ಟಿ ಎರಡೂ ಪಾದದ ಬಿಸಿ ಹೋಲಿಸಿ. ಇನ್ನೊಂದು, ಜ್ವರ ಇಲ್ಲ ಅಂತ ಸಮಾಧಾನ ಪಡಬೇಡಿ. ಸಕ್ಕರೆ ಇರುವವರಲ್ಲಿ ಕಾಲು ಒಳಗೊಳಗೇ ಕೊಳೆಯುತ್ತಿದ್ದರೂ ಎಷ್ಟೋ ಸಲ ಜ್ವರ ಬರುವುದಿಲ್ಲ.

ಈಗ ಪಕ್ಕದ ಮನೆ ಅಜ್ಜನ ಕೇರುಬೀಜ. ಇದರ ಬಗ್ಗೆ ನನಗೆ ಸ್ವಂತ ಅನುಭವ ಇದೆ. ಹತ್ತು ವರ್ಷದವನಿದ್ದಾಗ ಹಳೇ ಬಾಗಲಕೋಟೆಯಲ್ಲಿ (ಆ ಓಣಿ ಈಗ ಆಲಮಟ್ಟಿ ಹಿನ್ನೀರಿನ ಕೆಳಗಿದೆ) ಹಿಮ್ಮಡಿಗೆ ಜಾಲಿಮುಳ್ಳು ನಟ್ಟಿತ್ತು. ಅಜ್ಜಿ ಕೇರುಬೀಜಕ್ಕೆ ದಬ್ಬಣ ಚುಚ್ಚಿ ಚಿಮಣಿಯ ಮೇಲೆ ಹಿಡಿದಳು. ಚುರ್ ಅಂತ ಕಪ್ಪು ಎಣ್ಣೆ ಜಿನುಗಿತು. ಅದನ್ನು ಹಾಗೇ ಹಿಮ್ಮಡಿಗೆ ಒತ್ತಿದಳು. ಮುಳ್ಳಿನ ನೋವು ಮರೆತೇ ಹೋಯಿತು, ಯಾಕೆಂದರೆ ಸುತ್ತ ಬೊಬ್ಬೆ ಎದ್ದು 15 ದಿನ ಕುಂಟಿದೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಎಣ್ಣೆ ಅದು, ಎಷ್ಟು ಒಗೆದರೂ ಹೋಗುವುದಿಲ್ಲ, ಚರ್ಮವನ್ನು ಸುಡುತ್ತದೆ. ನನಗೆ ಉರಿ ಗೊತ್ತಾಗಿ ಕೂಗಿದೆ. ನಿಮ್ಮ ಅಪ್ಪನಿಗೆ ಅದೂ ಗೊತ್ತಾಗುವುದಿಲ್ಲ. ಅಜ್ಜನಿಗೆ ಚಹಾ ಕೊಟ್ಟು ಕಳಿಸಿ.

ಅವ್ವನ ಅರಿಶಿನವನ್ನು ಬೈಯಲು ನನಗೆ ಮನಸ್ಸಿಲ್ಲ. ಅರಿಶಿನದಲ್ಲಿ ಗುಣ ಇಲ್ಲ ಅಂತಲ್ಲ. ಆದರೆ ಅಡುಗೆಮನೆ ಡಬ್ಬಿಯ ಪುಡಿಗೆ ದಿನಾ ಎಷ್ಟು ಚಮಚ, ಎಷ್ಟು ಕೈ ಬೀಳುತ್ತದೆ ನೋಡಿ. ಪುಡಿ ಗಾಯದ ಮೇಲೆ ಒಣಗಿ ಹೆಕ್ಕಳೆ ಕಟ್ಟುತ್ತದೆ, ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ, ಡಾಕ್ಟರ್ ಅದನ್ನೆಲ್ಲ ಕೆರೆದು ತೆಗೆಯಬೇಕು. ಕಾಫಿಪುಡಿ, ಸುಣ್ಣ-ತಂಬಾಕು, ಬೂದಿ, ಎಲ್ಲದರ ಕಥೆಯೂ ಇಷ್ಟೇ. ಇನ್ನು "ಗಾಳಿಗೆ ಬಿಡು" ಅನ್ನುವ ಮಾತು. ಇದನ್ನು ನಾನೂ ತುಂಬ ದಿನ ನಂಬಿದ್ದೆ. 1962ರಲ್ಲಿ ಜಾರ್ಜ್ ವಿಂಟರ್ ಅನ್ನುವ ಸಂಶೋಧಕ ಹಂದಿಗಳ ಮೈಮೇಲೆ ಸಣ್ಣ ಗಾಯ ಮಾಡಿ, ಕೆಲವನ್ನು ತೆಳು ಹಾಳೆಯಿಂದ ಮುಚ್ಚಿ, ಕೆಲವನ್ನು ಗಾಳಿಗೆ ಬಿಟ್ಟು ನೋಡಿದ. ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬಂತು. ಹೊಸ ಚರ್ಮದ ಕಣಗಳು ತೇವದಲ್ಲಿ ಸಲೀಸಾಗಿ ಸರಿಯುತ್ತವೆ, ಹೆಕ್ಕಳೆ ಕಟ್ಟಿದರೆ ಅದರ ಅಡಿಯಲ್ಲಿ ತೂರಿಕೊಂಡು ಹೋಗಬೇಕು. ತೇವ ಅಂದರೆ ಕೀವು ತುಂಬಿ ಒದ್ದೆಯಾಗಿರುವುದು ಅಂತಲ್ಲ, ಅಷ್ಟು ನೆನಪಿರಲಿ.

ಸಕ್ಕರೆ ಇಲ್ಲದವರ ಸಾಮಾನ್ಯ ಗಾಯಕ್ಕೆ ಮನೆಮದ್ದು ಇಷ್ಟೇ: ನಲ್ಲಿಯ ಕೆಳಗೆ ಹಿಡಿದು ಕುಡಿಯುವಂಥ ನೀರಿನಿಂದ ಚೆನ್ನಾಗಿ ತೊಳೆಯಿರಿ, ಸುತ್ತಲಿನ ಚರ್ಮಕ್ಕೆ ಸಾಬೂನು, ಮಣ್ಣು ಕಸ ಎಲ್ಲ ಹೋಗಲಿ. ಸ್ಪಿರಿಟ್, ಬುಳುಬುಳು ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಒಳಗೆ ಸುರಿಯಬೇಡಿ, ಹುಳದ ಜೊತೆ ಹೊಸ ಚರ್ಮವೂ ಸಾಯುತ್ತದೆ. ತೆಳ್ಳಗೆ ವ್ಯಾಸಲೀನ್ ಹಚ್ಚಿ, ಅಂಟದ ಬಟ್ಟೆಯಿಂದ ಮುಚ್ಚಿ, ದಿನಕ್ಕೊಮ್ಮೆ ಬದಲಿಸಿ. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು 10 ನಿಮಿಷ ಒತ್ತಿ ಹಿಡಿಯಿರಿ. ಗಡಿಯಾರ ನೋಡಿ 10 ನಿಮಿಷ. ನಡುನಡುವೆ ಬಟ್ಟೆ ಎತ್ತಿ ನಿಂತಿತೋ ಇಲ್ಲವೋ ಅಂತ ಇಣುಕಿದರೆ ಹೆಪ್ಪುಗಟ್ಟಿದ್ದೂ ಕಿತ್ತು ಬರುತ್ತದೆ. ಇಷ್ಟಾದರೂ ನಿಲ್ಲದಿದ್ದರೆ ಒತ್ತಿಕೊಂಡೇ ಗಾಡಿ ಹತ್ತಿ, ಇಲ್ಲ 108ಕ್ಕೆ ಫೋನ್ ಮಾಡಿ.

ನಿಮ್ಮದು ಕಬ್ಬಿನ ನಾಡು, ಅದಕ್ಕೆ ಇದನ್ನೂ ಹೇಳಬೇಕು. ಕಟಾವಿನಲ್ಲಿ ಎಡಗೈಗೆ ಕುಡುಗೋಲಿನ ಏಟು ಬೀಳುವುದು ಜಾಸ್ತಿ. ರಕ್ತ ನಿಂತಿತು, ಗಾಯ ಸಣ್ಣದು ಅಂತ ಬಟ್ಟೆ ಕಟ್ಟಿಕೊಂಡು ಮತ್ತೆ ಸಾಲಿಗೆ ಇಳಿಯುತ್ತಾರೆ. ಒಂದು ಕ್ಷಣ ನಿಂತು ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಿಚ್ಚಿ ನೋಡಬೇಕು. ಒಂದು ಬೆರಳು ಮಾತು ಕೇಳದಿದ್ದರೆ, ಇಲ್ಲವೇ ತುದಿ ಜೋಮು ಹಿಡಿದಂತಿದ್ದರೆ, ಒಳಗೆ ಸ್ನಾಯುದಾರವೋ ನರವೋ ತುಂಡಾಗಿದೆ. ಅದು ಹೊಲಿಗೆಯ ಕೆಲಸ, ಅದೂ ಅವತ್ತೇ. ಬಾಯಿ ಬಿಟ್ಟ ಗಾಯಕ್ಕೆ ಹೊಲಿಗೆ ಹಾಕಿಸುವುದಿದ್ದರೆ ಆರೆಂಟು ತಾಸಿನೊಳಗೆ ತಲುಪುವುದು ಒಳ್ಳೆಯದು.

ಟಿಟಿ ಇಂಜೆಕ್ಷನ್ ಬಗ್ಗೆಯೂ ನೀವು ಫೋನಿನಲ್ಲಿ ಕೇಳಿದಿರಿ. ಈಗ ಸರ್ಕಾರಿ ದವಾಖಾನೆಯಲ್ಲಿ ಅದರ ಬದಲು ಟಿಡಿ ಕೊಡುತ್ತಾರೆ, ಧನುರ್ವಾಯು ಜೊತೆ ಗಂಟಲಮಾರಿಗೂ ಆಗುತ್ತದೆ. ಧನುರ್ವಾಯು ತುಕ್ಕಿನಿಂದ ಬರುವುದಲ್ಲ, ಮಣ್ಣು ಮತ್ತು ಸಗಣಿಯಲ್ಲಿರುವ ರೋಗಾಣುವಿನಿಂದ. ಚಪ್ಪಲಿ ಮೊಳೆಯೂ ಒಂದೇ, ಕೊಟ್ಟಿಗೆಯ ಮುಳ್ಳೂ ಒಂದೇ. ಇಲ್ಲೊಂದು ಸೂಕ್ಷ್ಮ ಇದೆ. ದೇಶದಲ್ಲಿ ಮಕ್ಕಳ ಲಸಿಕೆ ಕಾರ್ಯಕ್ರಮ ಶುರುವಾಗಿದ್ದು 1978ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ಹಳ್ಳಿ ಹೆಂಗಸರಿಗೆ ಬಸುರಿದ್ದಾಗ ಟಿಟಿ ಸಿಕ್ಕಿರುವ ಸಾಧ್ಯತೆ ಇದೆ. ಗಂಡಸರಿಗೆ? ಎಷ್ಟೋ ಜನಕ್ಕೆ ಪೂರ್ತಿ ಕೋರ್ಸ್ ಆಗೇ ಇಲ್ಲ. ಆದ್ದರಿಂದ "ಹಿಂದೆ ಯಾವಾಗಲೋ ಒಂದು ತಗೊಂಡಿದ್ದೆ" ಅನ್ನುವ ಅಪ್ಪನ ಮಾತನ್ನು ಹಾಗೇ ಡಾಕ್ಟರ್ ಮುಂದೆ ಹೇಳಿ, ಒಂದು ಸಾಕೋ ಮೂರು ಬೇಕೋ ಅವರು ಹೇಳುತ್ತಾರೆ. ಕೋರ್ಸ್ ಮುಗಿದವರಿಗೂ ಕೊಳಕು ಗಾಯವಾಗಿ, ಕೊನೆಯ ಡೋಸ್‌ಗೆ 5 ವರ್ಷ ದಾಟಿದ್ದರೆ ಇನ್ನೊಂದು ಬೇಕು.

ನಾಯಿ ಕಚ್ಚಿದ್ದು ಬೇರೆಯೇ ವಿಷಯ, ಇನ್ನೊಂದು ಸಂಚಿಕೆಗೆ ಇಡೋಣ. ಸದ್ಯಕ್ಕೆ: ಖಾರದ ಪುಡಿ ಬೇಡ, ಸುಣ್ಣ ಬೇಡ, ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ, ಅವತ್ತೇ ದವಾಖಾನೆಗೆ ಹೋಗಿ. ಗೀರಿದ್ದು ಸಣ್ಣದಾದರೂ ಹೋಗಿ.

ದವಾಖಾನೆಗೆ ಹೋಗುವಾಗ ಅರಿಶಿನ ತೊಳೆದುಬಿಡಿ, ಮಾತ್ರೆ ಚೀಟಿಗಳನ್ನೆಲ್ಲ ತೆಗೆದುಕೊಳ್ಳಿ, ಆ ಚಪ್ಪಲಿಯನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಮೊಳೆ ಕೀಳಬೇಡಿ, ಡಾಕ್ಟರ್ ನೋಡಲಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಆಂಟಿಬಯೋಟಿಕ್ ನುಂಗಿಸಬೇಡಿ. ಗಾಯ ಆಳ ಇದೆ ಅಂತ ತಾಲ್ಲೂಕು ಆಸ್ಪತ್ರೆಯವರು ಬಾಗಲಕೋಟೆಗೋ ಬೆಳಗಾವಿಗೋ ಬರೆದುಕೊಟ್ಟರೆ "ಹಬ್ಬ ಆದಮ್ಯಾಲೆ ನೋಡೋಣ" ಅನ್ನಬೇಡಿ.

ಕೊನೆಗೆ ನಿಮ್ಮ ಅಪ್ಪ ಫೋನ್ ಕಸಿದುಕೊಂಡು ಕೇಳಿದ ಪ್ರಶ್ನೆ: ಮುಂದಿನ ವರ್ಷ ಮಲ್ಲಯ್ಯನ ಹತ್ತಿರ ನಡೆದು ಹೋಗಬಹುದೋ ಇಲ್ಲೋ? ಅವತ್ತು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಯಜಮಾನರೇ, ಇಂಥ ಗಾಯ ಒಮ್ಮೆ ಮಾಯ್ದವರಲ್ಲಿ 10ಕ್ಕೆ 4 ಜನರಿಗೆ ವರ್ಷದೊಳಗೆ ಮತ್ತೆ ಆಗುತ್ತದೆ ಅನ್ನುವ ಲೆಕ್ಕ ಇದೆ. ಬರಿಗಾಲು ಅಂತೂ ಬೇಡ. ದಾರಿಯುದ್ದಕ್ಕೂ ಪಾದಯಾತ್ರಿಗಳಿಗೆ ಮಜ್ಜಿಗೆ, ರೊಟ್ಟಿ ಕೊಡುವ ಡೇರೆ ಹಾಕಿರುತ್ತಾರಲ್ಲ, ಅಂಥ ಒಂದರಲ್ಲಿ ನೀವೂ ಕೂತುಕೊಳ್ಳಿ. ಬಂದವರ ಕಾಲು ತೊಳೆದು, ಬೊಬ್ಬೆ ನೋಡಿ, ಸಕ್ಕರೆ ಐತೇನು ಅಂತ ಕೇಳಿ. ಹರಕೆ ತೀರಿತೋ ಇಲ್ಲವೋ ಅನ್ನುವುದನ್ನು ನಿಮ್ಮ ಮಠದ ಅಜ್ಜಾರು ಹೇಳಲಿ. ಕಾಲಿನ ವಿಷಯ ಮಾತ್ರ ಸರ್ಜನ್ ಹೇಳಲಿ.