ಇಲಿಗೆ ಸ್ಕಿಜೋಫ್ರೇನಿಯಾ ಬರುತ್ತದೆಯೇ?

ಪ್ರಶ್ನೆ: ನನ್ನ ತಮ್ಮನಿಗೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ಸ್ಕಿಜೋಫ್ರೇನಿಯಾ ಇರುವುದು ಗೊತ್ತಾಯಿತು. ಅವನು ಹೊಟ್ಟೆಯಲ್ಲಿದ್ದಾಗ ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿದದ್ದೇ ಇದಕ್ಕೆ ಕಾರಣವೆಂದು ಅಮ್ಮ ಕೊರಗುತ್ತಾರೆ. ಇಲಿಗಳ ವಂಶವಾಹಿ ಬದಲಿಸಿ ಈ ಕಾಯಿಲೆಯ ಮೂಲ ಹುಡುಕುತ್ತಾರೆಂದು ಓದಿದೆ. ಇಲಿಗೂ ಇದು ಬರುತ್ತದೆಯೇ? ಅದರಿಂದ ನಮಗೇನು ತಿಳಿಯುತ್ತದೆ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಇಲಿಗೆ ಸ್ಕಿಜೋಫ್ರೇನಿಯಾ ಬರುವುದಿಲ್ಲ. ಯಾರೂ ಇಲ್ಲದಾಗ ದನಿ ಕೇಳಿಸುವುದು, ಮನೆಯವರೇ ಅನ್ನಕ್ಕೆ ವಿಷ ಬೆರೆಸುತ್ತಿದ್ದಾರೆಂಬ ಸಂಶಯ, ಇವೆಲ್ಲ ರೋಗಿ ಬಾಯಿಬಿಟ್ಟು ಹೇಳಿದಾಗಲೇ ತಿಳಿಯುವಂಥವು. ಇಲಿಯಲ್ಲಿ ಅಳೆಯಬಹುದಾದದ್ದು ಗಮನ, ಅಲ್ಪಾವಧಿಯ ನೆನಪು ಮತ್ತು ಮಿದುಳಿನ ಭಾಗಗಳ ನಡುವಿನ ಹೊಂದಾಣಿಕೆ. ಆದರೆ ಮನುಷ್ಯರಲ್ಲಿ ಎಂದೂ ಮಾಡಲಾಗದ ಒಂದು ಕೆಲಸ ಅಲ್ಲಿ ಸಾಧ್ಯವಿದೆ: ಒಂದು ವಂಶವಾಹಿಯ ಕೆಲಸವನ್ನು ಬೆಳವಣಿಗೆಯ ಹಂತದಲ್ಲಿ ಹೆಚ್ಚಿಸಿ, ಇಲಿ ಬೆಳೆದ ಮೇಲೆ ನಿಲ್ಲಿಸಿ ನೋಡಬಹುದು.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನಿ ಎರಿಕ್ ಕ್ಯಾಂಡೆಲ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಮುಖ್ಯವೆನಿಸುತ್ತದೆ. ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಡೋಪಮೈನ್‌ನ (ನರಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ರಾಸಾಯನಿಕ) ಸಂದೇಶ ಪಡೆಯುವ ಡಿ2 ಗ್ರಾಹಕಗಳು ಅಗತ್ಯಕ್ಕಿಂತ ಹೆಚ್ಚಾಗುವಂತೆ ಇಲಿಗಳಿಗೆ ಒಂದು ವಂಶವಾಹಿಯನ್ನು ಸೇರಿಸಲಾಗಿತ್ತು. ಆ ಇಲಿಗಳನ್ನು ಎರಡು ಕವಲಿನ ಓಣಿಯಲ್ಲಿ ಬಿಡುತ್ತಿದ್ದರು. ಮೊದಲ ಸಲ ಎಡಗವಲಿನಲ್ಲಿ ತಿಂಡಿ ಸಿಕ್ಕಿದ್ದರೆ, ತುಸು ಹೊತ್ತಿನ ಬಳಿಕ ಬಲಗವಲಿಗೆ ಹೋದಾಗಷ್ಟೇ ಮತ್ತೆ ತಿಂಡಿ. ಯಾವ ಕಡೆ ಹೋಗಿದ್ದೆ ಎಂಬುದನ್ನು ನೆನಪಿಟ್ಟುಕೊಳ್ಳುವ ಈ ಪರೀಕ್ಷೆಯಲ್ಲಿ ಅವು ಹಿಂದೆ ಬಿದ್ದವು. ಆಮೇಲೆ ಆಹಾರದಲ್ಲಿ ಡಾಕ್ಸಿಸೈಕ್ಲಿನ್ ಬೆರೆಸಿ, ಅಂದರೆ ನಮ್ಮ ಮಲೆನಾಡಿನಲ್ಲಿ ಇಲಿಜ್ವರಕ್ಕೆ ಕೊಡುವ ಅದೇ ಔಷಧಿಯನ್ನು ಬೆರೆಸಿ, ಸೇರಿಸಿದ ವಂಶವಾಹಿಯ ಕೆಲಸವನ್ನು ನಿಲ್ಲಿಸಲಾಯಿತು; ಈ ಔಷಧಿ ಸಿಕ್ಕಾಗ ಕೆಲಸ ನಿಲ್ಲುವಂತೆಯೇ ಅದನ್ನು ರೂಪಿಸಲಾಗಿತ್ತು. ಗ್ರಾಹಕಗಳ ಪ್ರಮಾಣ ಸಹಜ ಮಟ್ಟಕ್ಕೆ ಇಳಿದರೂ ನೆನಪಿನ ತೊಂದರೆ ಹಾಗೆಯೇ ಉಳಿಯಿತು. ಮಿದುಳು ಬೆಳೆಯುವ ಕಾಲದಲ್ಲಿ ಆದ ವ್ಯತ್ಯಾಸವು ಅದರ ಕಾರಣ ಇಲ್ಲವಾದ ಮೇಲೂ ಉಳಿಯಬಲ್ಲದು ಎಂಬುದನ್ನು ಇದು ತೋರಿಸಿತು.

ಇನ್ನೊಂದು ಬಗೆಯ ಇಲಿಗಳಿವೆ. ಮನುಷ್ಯರ 22ನೇ ವರ್ಣತಂತುವಿನ (ವಂಶವಾಹಿಗಳನ್ನು ಹೊತ್ತ ಎಳೆಯ) ಒಂದು ಸಣ್ಣ ತುಣುಕು ಹುಟ್ಟಿನಿಂದಲೇ ಇಲ್ಲದವರಲ್ಲಿ ಸುಮಾರು ಕಾಲು ಭಾಗದಷ್ಟು ಜನರಿಗೆ ಮುಂದೆ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಬರುತ್ತದೆ. ಇಲಿಯ 16ನೇ ವರ್ಣತಂತುವಿನಲ್ಲಿ ಅದಕ್ಕೆ ಸಮನಾದ ತುಣುಕನ್ನು ತೆಗೆದಾಗ, ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಮತ್ತು ಮಿದುಳಿನ ಮುಂಭಾಗಗಳ ನಡುವಿನ ತಾಳಮೇಳ ತಪ್ಪುವುದು 2010ರಲ್ಲಿ ಕಂಡುಬಂತು. ಆದರೆ ರೋಗಿಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನರಲ್ಲಿ ಈ ಲೋಪ ಇರುವುದೇ ಇಲ್ಲ. ಅವರಲ್ಲಿ ಒಂದೊಂದೂ ಅಲ್ಪ ಪ್ರಭಾವದ ನೂರಾರು ವಂಶವಾಹಿ ವ್ಯತ್ಯಾಸಗಳು ಕೂಡಿ ಕೆಲಸ ಮಾಡುತ್ತವೆ.

ನಿಮ್ಮ ಅಮ್ಮನವರಿಗೆ ದಯವಿಟ್ಟು ಹೇಳಿ: ಅಡಿಕೆ ಸುಲಿದದ್ದರಿಂದ ಈ ಕಾಯಿಲೆ ಬಂತೆನ್ನಲು ಯಾವ ಆಧಾರವೂ ಇಲ್ಲ. ಗರ್ಭದಲ್ಲಿದ್ದಾಗಿನ ಘೋರ ಹಸಿವಿನಂಥ ಸಂಗತಿಗಳು ಅಪಾಯವನ್ನು ಸ್ವಲ್ಪ ಹೆಚ್ಚಿಸುವುದು ನಿಜ. ಆದರೂ 1944–45ರ ನೆದರ್ಲೆಂಡ್ಸ್ ಕ್ಷಾಮದ ವೇಳೆ ಗರ್ಭದಲ್ಲಿದ್ದ ಮಕ್ಕಳಲ್ಲಿ ಬಹುಪಾಲು ಜನರಿಗೆ ಈ ಕಾಯಿಲೆ ಬರಲಿಲ್ಲ.

ಮೂಲ ಅಷ್ಟು ಹಿಂದಿದ್ದರೆ ಈಗ ಔಷಧಿಯೇಕೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಡಿ2 ಗ್ರಾಹಕಗಳನ್ನು ತಡೆಯುವ ಮಾತ್ರೆಗಳು ದನಿಗಳನ್ನೂ ಸಂಶಯವನ್ನೂ ತಗ್ಗಿಸುತ್ತವೆ. ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ನಿಮ್ಮ ತಮ್ಮ ಹೇಳಿದ ಕೆಲಸ ಮರೆಯುತ್ತಿದ್ದರೆ, ಮಂಕಾಗಿ ಕೂತಿರುತ್ತಿದ್ದರೆ ಅದು ಸೋಮಾರಿತನವಲ್ಲ, ಕಾಯಿಲೆಯದೇ ಭಾಗವಿರಬಹುದು. ಅದನ್ನು ವೈದ್ಯರಿಗೆ ಬಿಡಿಸಿ ಹೇಳಿ, ಪುನರ್ವಸತಿ ತರಬೇತಿಯ ಬಗ್ಗೆ ಕೇಳಿ. ನಿಮ್ಮ ತಾಲ್ಲೂಕಿನಲ್ಲೇ ನಿಮ್ಹಾನ್ಸ್ ತಜ್ಞರು ಈ ಕಾಯಿಲೆಯವರಿಗಾಗಿ ಸಮುದಾಯ ಮಟ್ಟದ ಕಾರ್ಯಕ್ರಮ ನಡೆಸಿದ್ದಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಗಳಿಗಾಗಿ ನಡೆಯುವ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಇರುತ್ತದೆಂದು ವಿಚಾರಿಸಿ. ಫೋನಿನಲ್ಲಿ ಮಾತನಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಉತ್ತರಿಸುತ್ತಾರೆ.